ಒಂದೇ ಗಡಿಯಾರ ನಡೆಯುತ್ತಿದ್ದ ಅಂಗಡಿ

ಅಂಕೋಲೆ ಪೇಟೆಯ ಶೇವಂತಿಬಾಯಿಯವರ ಗಡಿಯಾರದಂಗಡಿಯಲ್ಲಿ ಒಂದೇ ಗಡಿಯಾರ ನಡೆಯುತ್ತಿತ್ತು. ಗೋಡೆಗೆ ತೂಗಿದವು, ಗಾಜಿನ ಪೆಟ್ಟಿಗೆಯಲ್ಲಿಟ್ಟವು ಸೇರಿ ನಲವತ್ತಕ್ಕೆ ಕಡಿಮೆ ಇರಲಿಲ್ಲ, ಎಲ್ಲವೂ ನಿಂತಿದ್ದವು. ನಡೆಯುತ್ತಿದ್ದದ್ದು ಅವರ ಮೊಣಕೈ ಪಕ್ಕದ ಹಸಿರು ಬಣ್ಣದ ಟೈಂಪೀಸು ಮಾತ್ರ. ಬೆಳಿಗ್ಗೆ ಅಂಗಡಿ ತೆರೆದೊಡನೆ ರೇಡಿಯೋ ಹಾಕುವರು. ವಾರ್ತೆಗೆ ಮುಂಚೆ ಹೊತ್ತು ತಿಳಿಸುವ ಪೀಪ್ ಪೀಪ್‌ನ ಕೊನೆಯ ಸದ್ದಿಗೆ ಸರಿಯಾಗಿ ಆ ಟೈಂಪೀಸಿನ ಮುಳ್ಳು ನೋಡಿ, ಒಮ್ಮೆ ತಲೆಯಾಡಿಸಿ, ಆಮೇಲೆಯೇ ಉಳಿದ ಕೆಲಸ.

ಹೊಸಬರು ಗಾಬರಿಯಾಗುತ್ತಿದ್ದರು. ರಿಪೇರಿ ಮಾಡುವವರ ಅಂಗಡಿಯಲ್ಲೇ ಎಲ್ಲ ನಿಂತಿದ್ದರೆ ಹೇಗೆ? ನಾನೂ ಮೊದಲ ದಿನ ಕೇಳಿದ್ದೆ.

"ನಲವತ್ತು ಜನ ಒಟ್ಟಿಗೆ ಸಾಕ್ಷಿ ಹೇಳೂಕೆ ನಿಂತ್ರೆ ಯಾರದು ಖರೆ ಹೇಳಿ ಹ್ಯಾಂಗೆ ಗೊತ್ತಾತದೆ, ನಾಯಕರೆ?" ಎಂದಿದ್ದರು. "ಒಬ್ಬಂವ ಸಾಕು. ಅಂವ ಖರೆ ಹೇಳೂ ಪೈಕಿ ಆಗಿರ್ಬೇಕು, ಅಷ್ಟೇ."

ರಿಪೇರಿಯಾದ ಕೈಗಡಿಯಾರಗಳು ಮಾತ್ರ ಒಂದು ಹಳೆಯ ಬಿಸ್ಕೆಟ್ ಡಬ್ಬಿಯಲ್ಲಿ ಮೂರು ದಿನ ನಡೆಯುತ್ತ ಬಿದ್ದಿರುತ್ತಿದ್ದವು. ಟೈಂಪೀಸಿಗೆ ಮೂರು ದಿನವೂ ಒಪ್ಪಿದ ಗಡಿಯಾರಕ್ಕೆ ಬಿಡುಗಡೆ. ಇಲ್ಲದಿದ್ದರೆ ಯಾರು ಎಷ್ಟು ಅವಸರ ಮಾಡಿದರೂ ಕೊಡುತ್ತಿರಲಿಲ್ಲ. ಈ ಒಂದು ನಿಯಮದಿಂದಲೇ ಅವರು ನನಗೆ ಹಿಡಿಸಿಬಿಟ್ಟರು. ನಾನು ಮೂವತ್ತೊಂದು ವರ್ಷ ಪವರ್‌ಹೌಸುಗಳಲ್ಲಿ ಶಿಫ್ಟ್ ಮಾಡಿದವನು, ಕೊನೆಯ ವರ್ಷಗಳು ಕದ್ರಾದಲ್ಲಿ. ಗಂಟೆಗೊಮ್ಮೆ ಮೀಟರುಗಳ ಮುಂದೆ ನಿಂತು ಅಂಕಿ ನೋಡಿ ಪುಸ್ತಕದಲ್ಲಿ ಬರೆಯುವುದು, ಬರೆದದ್ದನ್ನು ತಿದ್ದದಿರುವುದು, ಏನಾದರೂ ಹೆಚ್ಚುಕಡಿಮೆಯಾದರೆ ಷರಾ ಕಾಲಂನಲ್ಲಿ ಕಾರಣ ಬರೆದು ಸಹಿ ಹಾಕುವುದು. ಬೇರೆ ಬದುಕು ನನಗೆ ಗೊತ್ತಿರಲಿಲ್ಲ.

ಶೇವಂತಿಬಾಯಿ ಐದಡಿ ಎತ್ತರವೂ ಇರಲಿಲ್ಲ. ಮುಡಿಯಲ್ಲಿ ಅಬ್ಬಲಿಗೆಯ ದಂಡೆ, ಅದರ ಮೇಲಿಂದ ತಲೆಗೆ ಕಟ್ಟಿದ ಕಪ್ಪು ದಾರ, ದಾರಕ್ಕೆ ಸಿಕ್ಕಿಸಿ ಬಲಗಣ್ಣಿಗೆ ಅಂಟಿಸಿಕೊಂಡ ಭೂತಗನ್ನಡಿ. ಮಾತಾಡುವಾಗಲೂ ಅದನ್ನು ಸರಿಸುತ್ತಿರಲಿಲ್ಲ. ಎದುರಿಗೆ ಕುಳಿತವನಿಗೆ ತನ್ನ ಬೆನ್ನಿನ ಮುಚ್ಚಳವನ್ನೇ ಯಾರೋ ಬಿಚ್ಚುತ್ತಿದ್ದಾರೆ ಎನ್ನಿಸಬೇಕು, ಹಾಗಿರುತ್ತಿತ್ತು ಆ ನೋಟ. ಗಂಡ ತೀರಿದ ಮೇಲೆ ಹೂ ಮುಡಿಯುವುದೇ ಎಂದು ಯಾರೋ ಹೆಂಗಸರು ಆಕ್ಷೇಪಿಸಿದಾಗ, "ಹೂವು ಅವ್ರು ಕೊಟ್ಟದ್ದಲ್ಲ, ನಮ್ಮನೆ ಬೇಲಿ ಕೊಟ್ಟದ್ದು. ಬೇಲಿ ಇನ್ನೂ ಗಟ್ಟಿ ಅದೆ" ಎಂದರಂತೆ. ಅಂಗಡಿ ಗಂಡನದು. ಬಾಯಿ ಕೇಣಿ ತೀರದ ಮೀನುಗಾರರ ಮನೆಯ ಮಗಳು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಮಾರಿ, ಮಧ್ಯಾಹ್ನ ಗಂಡನಿಗೆ ಬುತ್ತಿ ತಂದು, ಅವನು ಉಣ್ಣುವಷ್ಟು ಹೊತ್ತು ಪಕ್ಕದಲ್ಲಿ ಕುಳಿತು ಬಿಚ್ಚಿಟ್ಟ ಗಡಿಯಾರಗಳನ್ನು ನೋಡುತ್ತಿದ್ದರು. ಹದಿನೆಂಟು ವರ್ಷ ಹಾಗೆ ನೋಡಿದ್ದೇ ಅವರ ವಿದ್ಯಾಭ್ಯಾಸ. ಅವನು ಹೋದಾಗ ಅಂಗಡಿಯಲ್ಲಿ ಅರೆಬರೆ ಬಿಚ್ಚಿದ ಹದಿನೈದು ಗಡಿಯಾರಗಳು ಉಳಿದಿದ್ದವು. ಒಂದೊಂದಾಗಿ ಹದಿನೈದನ್ನೂ ನಡೆಸಿ, ಮನೆಮನೆಗೆ ಒಯ್ದು ಕೊಟ್ಟು ಬಂದರು. ಮೀನು ಮಾರುವ ಕೈಗೆ ಗಡಿಯಾರ ಹೇಗೆ ಕೊಡುವುದು ಎಂದು ಮೂಗುಮುರಿದವನೊಬ್ಬನಿಗೆ ಅವರು ಕೊಟ್ಟ ಉತ್ತರ ಪೇಟೆಗೆಲ್ಲ ಗೊತ್ತು: "ಕಿವಿರು ಎತ್ತಿ ನೋಡಿ ಮೀನು ಇವತ್ತಿಂದೋ ನಿನ್ನೆದೋ ಹೇಳೂ ಕೈ ಇದು. ಗಡಿಯಾರದ ಬೆನ್ನೆತ್ತೂದು ಅದ್ಕಿಂತ ಕಷ್ಟವಾ?"

ಅವರದೊಂದು ಪ್ರಶ್ನೆ ಇತ್ತು. ಯಾರು ಏನೇ ದೂರು ತಂದರೂ, ಗಡಿಯಾರ ಮುಟ್ಟುವ ಮೊದಲು ಕೇಳುತ್ತಿದ್ದರು: "ಇದು ನೀವು ಕಂಡದ್ದೋ, ಅಂದ್ಕಂಡದ್ದೋ?"

ನನ್ನ ಹೆಂಡತಿಯ ತವರು ಅಂಕೋಲೆ. ಹಾಗೆ ಬಂದಾಗ ಒಮ್ಮೆ ನನ್ನ ಕೀಲಿ ಕೊಡುವ ಕೈಗಡಿಯಾರವನ್ನು ಅವರ ಮುಂದಿಟ್ಟು, "ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ" ಎಂದೆ. ಅವರು ಪ್ರಶ್ನೆ ಕೇಳಿದರು. ನಾನು ಜೇಬಿನಿಂದ ಚೀಟಿ ತೆಗೆದು ಹನ್ನೊಂದು ದಿನಗಳ ಲೆಕ್ಕ ತೋರಿಸಿದೆ. ಭೂತಗನ್ನಡಿಯೊಳಗಿನ ಕಣ್ಣು ದೊಡ್ಡದಾಯಿತು.

"ಇಷ್ಟು ವರ್ಷದಲ್ಲಿ ಬರ್ಕಂಡು ಬಂದ ಗಿರಾಕಿ ನೀವೊಬ್ರೇ ನೋಡಿ. ರಜೆಯಲ್ಲಿ ಮನೆಲಿದ್ದ ದಿನ ಯಾವ್ದು ಇದ್ರಲ್ಲಿ?"

ತೋರಿಸಿದೆ. ಆ ದಿನಗಳಲ್ಲಿ ಓಟ ಹಿಂದಿನಷ್ಟೇ ಇತ್ತು, ಏರಿರಲಿಲ್ಲ. ಕೆಲಸಕ್ಕೆ ಹೋದ ದಿನಗಳಲ್ಲೇ ಓಟ ಏರುತ್ತಿತ್ತು. ಅವರು ಮೇಜಿನ ಸಂದಿಯಿಂದ ಬೋಟಿನಲ್ಲಿಡುವ ಹಳೆಯ ದಿಕ್ಸೂಚಿ ತೆಗೆದು ಪಕ್ಕದಲ್ಲಿಟ್ಟರು. ನನ್ನ ಗಡಿಯಾರ ಹತ್ತಿರ ಬಂದೊಡನೆ ಅದರ ಮುಳ್ಳು ಗಿರಕ್ಕೆಂದು ತಿರುಗಿತು.

"ಹಾ! ಇದ್ಕೆ ಅಯಸ್ಕಾಂತ ಹಿಡ್ದದೆ. ಅಷ್ಟು ದೊಡ್ಡ ಕರೆಂಟಿನ ಯಂತ್ರದ ಮಗ್ಗುಲಲ್ಲಿ ದಿನಾ ನಿಲ್ಸಿದ್ರೆ ಹಿಡಿಯೂದೇ. ಒಳಗಿನ ಸ್ಪ್ರಿಂಗಿನ ಸುರುಳಿ ಒಂದಕ್ಕೊಂದು ಅಂಟ್ಕಂಡು ಮೋಟಾಗ್ತದೆ, ಅದ್ಕೇ ಓಡೂದು. ಗಡಿಯಾರದ್ದು ತಪ್ಪಿಲ್ಲ ಮಾರಾಯ್ರೆ. ಕರ್ಕಂಡು ಹೋದವ್ರದು."

ಅಯಸ್ಕಾಂತ ಇಳಿಸಿ ಕೊಟ್ಟರು. ಅಂದಿನಿಂದ ಶಿಫ್ಟಿಗೆ ಹೋಗುವಾಗ ಗಡಿಯಾರವನ್ನು ದೂರದ ಕಪಾಟಿನಲ್ಲಿಟ್ಟೆ. ನಿವೃತ್ತಿಯವರೆಗೂ ಅದು ಒಂದು ನಿಮಿಷವೂ ಹಿಂದೆಮುಂದೆ ಆಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ನಿವೃತ್ತನಾಗಿ ಕಾರವಾರದ ಕೋಡಿಬಾಗದಲ್ಲಿ ಮನೆ ಮಾಡಿದ್ದೆ. ಹತ್ತಿರದ ಬೈತಖೋಲ ಬಂದರಿನ ಮೀನುಗಾರರ ಸಂಘವೊಂದು, ಬೋಟುಗಳು ಹೊರಡುವ ಮತ್ತು ಮರಳುವ ದಾಖಲೆ ಇಡಲು ಬರುತ್ತೀರಾ ಎಂದು ಕೇಳಿತು. ಸಂಬಳವಿಲ್ಲದ ಕೆಲಸ, ಆದರೆ ಗಂಟೆ ನೋಡಿ ಬರೆಯುವ ಕೆಲಸ. ಕೂಡಲೇ ಒಪ್ಪಿದೆ. ಯಾರೋ ದಾನಿಗಳು ತಾವು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನೂ ಒಂದು ಪ್ರಿಂಟರನ್ನೂ ಸಂಘಕ್ಕೆ ಕೊಟ್ಟಿದ್ದರು. ಬೋಟು ಹೊರಡುವ ಮೊದಲು ತಾಂಡೇಲ, ಅಂದರೆ ಬೋಟು ನಡೆಸುವವನು, ನನ್ನ ಕಿಟಕಿಗೆ ಬಂದು ಹೆಸರು ಹೇಳಬೇಕು. ನಾನು ಗುಂಡಿ ಒತ್ತಿದರೆ ತಾರೀಖು, ಗಂಟೆ, ನಿಮಿಷ ಸಮೇತ ಚೀಟಿ ಹೊರಬರುತ್ತಿತ್ತು. ಯಂತ್ರವೇ ಹೊತ್ತು ಬರೆಯುವುದರಿಂದ ಜಗಳವಿಲ್ಲ ಎಂಬುದು ಎಲ್ಲರ ನಂಬಿಕೆ.

ಆ ವರ್ಷ ಮಳೆಗಾಲದ ನಿಷೇಧ ಮುಗಿಯುವ ಹೊತ್ತು. ನಿಷೇಧದ ತಿಂಗಳುಗಳಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕೊನೆಯ ದಿನ ಕಳೆದ ಮಾರನೆಯ ಬೆಳಗಿನ ಜಾವ ಬಂದರಿನಲ್ಲಿ ಎಲ್ಲ ಬೋಟುಗಳೂ ಒಟ್ಟಿಗೇ ಇಂಜಿನ್ ಹಾಕುತ್ತವೆ. ಜಿಟಿಜಿಟಿ ಮಳೆ, ಕತ್ತಲು, ಕೂಗಾಟ. ನನ್ನ ಕಿಟಕಿಗೆ ಮೊದಲು ಬಂದವನು ದತ್ತಾ, ಸ್ವಂತ ಬೋಟಿನ ತಾಂಡೇಲ, ಬಾಯಿ ತುಂಬ ನಗುವ ಮನುಷ್ಯ. ಚೀಟಿ ಕೊಟ್ಟೆ. ಅವನು ಓದದೆ ಜೇಬಿಗಿಳಿಸಿ ಓಡಿದ. ಎರಡನೆಯವನಿಗೆ ಕೊಡುವ ಮುಂಚೆ ಪರದೆಯ ಮೂಲೆಯತ್ತ ನೋಡಿದರೆ ಲ್ಯಾಪ್‌ಟಾಪ್ ಇನ್ನೂ ಹಿಂದಿನ ದಿನದ ಸಂಜೆಯಲ್ಲೇ ಕುಳಿತಿದೆ! ಕೈಗಡಿಯಾರ ನೋಡಿ ಸರಿಪಡಿಸಿದೆ. ಉಳಿದವರಿಗೆಲ್ಲ ಸರಿಯಾದ ಚೀಟಿ ಹೋಯಿತು. ದತ್ತಾನ ನಮೂದಿಗೆ ಷರಾ ಬರೆಯಬೇಕಿತ್ತು. ಕಿಟಕಿಯಲ್ಲಿ ಇಪ್ಪತ್ತು ಕೈಗಳು. ಬರೆಯಲಿಲ್ಲ. ನನ್ನ ಜೀವಮಾನದಲ್ಲಿ ಬರೆಯದೆ ಬಿಟ್ಟ ಷರಾ ಅದೊಂದೇ.

ನಾಲ್ಕು ದಿನದ ಮೇಲೆ ಉಲ್ಲಾಸ ಎಂಬ ಇನ್ನೊಬ್ಬ ಬೋಟು ಮಾಲೀಕ ಸಂಘದ ದಾಖಲೆ ನೋಡಿದ. ದತ್ತಾನ ಬೋಟು ಹೊರಟದ್ದು ಹಿಂದಿನ ಸಂಜೆ ಏಳು ಐವತ್ತೊಂದಕ್ಕೆ, ಅಂದರೆ ನಿಷೇಧ ಇರುವಾಗಲೇ. ದೂರು ಹೋಯಿತು. ಇಲಾಖೆಯ ಅಧಿಕಾರಿ ಬಂದು, ಮೂರು ವಾರದ ನಂತರ ವಿಚಾರಣೆ, ಅಲ್ಲಿಯವರೆಗೆ ಬೋಟು ದಕ್ಕೆಯ ಕಟ್ಟೆಗೆ ಕಟ್ಟಿಯೇ ಇರಲಿ ಎಂದು ಬರೆದುಕೊಟ್ಟರು. ತಪ್ಪು ಸಾಬೀತಾದರೆ ಇಡೀ ಹಂಗಾಮಿಗೆ ಪರವಾನಗಿ ಇಲ್ಲ. ಯಂತ್ರದ ಗಡಿಯಾರ ತಪ್ಪಿತ್ತು ಎಂದು ನಾನು ಹೇಳಿದೆ.

"ಇರಬಹುದು, ನಾಯಕರೇ," ಎಂದರು ಅಧಿಕಾರಿ, ಸೌಮ್ಯವಾಗಿಯೇ. "ಆದರೆ ನಿಮ್ಮ ದಾಖಲೆಯಲ್ಲಿ ಹಾಗೆ ಬರೆದಿಲ್ಲ. ತಪ್ಪಿತ್ತು ಎಂದು ತೋರಿಸಿ."

ಹೊರಗೆ ದತ್ತಾ ಕಟ್ಟಿಹಾಕಿದ ಬೋಟಿನ ಅಂಚಿನಲ್ಲಿ ಕುಳಿತಿದ್ದ. ಉಳಿದ ಬೋಟುಗಳು ಬಂಗಡೆ ಮೀನು ತುಂಬಿಕೊಂಡು ಬರುತ್ತಿದ್ದವು. ಅವನ ಹನ್ನೆರಡು ಜನ ಕೆಲಸಗಾರರು ಬಲೆಯ ಮೇಲೆ ಸುಮ್ಮನೆ ಮಲಗಿದ್ದರು.

"ಸರ್, ನಮ್ಮ ಬೋಟಿಗೆ ಎರಡು ಲಂಗರು ಇದ್ವು," ಎಂದ ದತ್ತಾ. "ಈಗ ನಿಮ್ಮ ಗಡಿಯಾರದ್ದು ಸೇರಿ ಮೂರಾತು."

ಬೈದಿದ್ದರೆ ಸಹಿಸುತ್ತಿದ್ದೆ. ಅವನು ನಗುತ್ತ ಹೇಳಿದ.

ಲ್ಯಾಪ್‌ಟಾಪಿನ ಹೊತ್ತು ಮರುದಿನ ಬೆಳಿಗ್ಗೆ ಮತ್ತೆ ತಪ್ಪಿತ್ತು. ಸರಿಪಡಿಸಿದೆ, ಮತ್ತೆ ತಪ್ಪಿತು. ಕಾರವಾರದ ಕಂಪ್ಯೂಟರ್ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಯಾವ ದೇಶದ ಹೊತ್ತು ಆಯ್ಕೆಯಾಗಿದೆ ನೋಡಿದರು, ನಮ್ಮ ದೇಶದ್ದೇ. ಬೆಳಿಗ್ಗೆ ಸಂಜೆ ಅದಲುಬದಲಾಗಿದೆಯೇ ನೋಡಿದರು, ಇಲ್ಲ. ಕೊನೆಗೆ "ವೈರಸ್" ಎಂದು ಎರಡು ದಿನ ಇಟ್ಟುಕೊಂಡು, ಏನೋ ಹಾಕಿ, ಸರಿಯಾಯಿತೆಂದು ಕೊಟ್ಟರು. ಮರುದಿನ ಬೆಳಿಗ್ಗೆ ಅದು ಒಂಬತ್ತು ಗಂಟೆ ಹಿಂದಿತ್ತು. ಅದನ್ನು ಚೀಲಕ್ಕೆ ಹಾಕಿ ಅಂಕೋಲೆ ಬಸ್ಸು ಹತ್ತಿದೆ.

ಶೇವಂತಿಬಾಯಿ ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಕೈ ಕಟ್ಟಿ ಕುಳಿತು ಇಡೀ ಕಥೆ ಕೇಳಿದರು.

"ಹಿಂದೆ ಬೀಳ್ತದೆ ಅಂದ್ರಿ. ನಡೀತಾ ನಡೀತಾ ಹಿಂದೆ ಬೀಳ್ತದೋ, ಮಲಗಿ ಎದ್ದ ಮೇಲೋ?"

"ಹಗಲು ಸರಿಯಾಗಿರುತ್ತದೆ. ಬೆಳಿಗ್ಗೆ ತೆರೆದಾಗ ತಪ್ಪಿರುತ್ತದೆ."

"ಕಂಡದ್ದೋ, ಅಂದ್ಕಂಡದ್ದೋ?"

ಆಗಿನ ಗಡಿಬಿಡಿಯಲ್ಲಿ ನಾನು, ನಾನೇ, ಯಂತ್ರ ತೋರಿಸಿದ ಹೊತ್ತನ್ನು ಒಂದು ದಿನವೂ ಬರೆದಿಟ್ಟಿರಲಿಲ್ಲ. ನಾನು ತೆರೆದು ಮುಚ್ಚಿದ ಹೊತ್ತು ಮಾತ್ರ ಅಭ್ಯಾಸಬಲದಿಂದ ಹಾಜರಿ ಪುಸ್ತಕದಲ್ಲಿತ್ತು.

"ನಾಚ್ಕೆ ಬೇಡ. ಗಾಬ್ರಿಲಿ ಎಲ್ರೂ ಅಂದ್ಕಂಬೂದೇ," ಎಂದು ಬಾಯಿ ನಕ್ಕರು. "ಈಗ ಹೇಳಿ, ರಾತ್ರೆ ಅದ್ಕೆ ಊಟ ಎಂತ?"

"ಊಟವೇ?"

"ಗಡಿಯಾರ ಅಂದ ಮೇಲೆ ನಡೆಯೂಕೆ ಏನಾರೂ ತಿನ್ಬೇಕಲ್ದಾ? ನನ್ನ ಟೈಂಪೀಸು ಕೀಲಿ ತಿಂತದೆ. ನಿಮ್ದು?"

ನಾನು ನನ್ನ ಸಂಜೆಯ ಕ್ರಮವನ್ನು ಹೆಮ್ಮೆಯಿಂದಲೇ ವಿವರಿಸಿದೆ. ಲ್ಯಾಪ್‌ಟಾಪ್ ಮುಚ್ಚುವುದು; ಪ್ಲಗ್ಗು ಕೀಳುವುದು; ಗೋಡೆಯ ಸ್ವಿಚ್ಚು ಆರಿಸುವುದು; ಅಡಿಯ ಬ್ಯಾಟರಿಯನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಬೀಗ ಹಾಕಿಡುವುದು. ಬ್ಯಾಟರಿ ಬಾಳಿಕೆ ಬರುತ್ತದೆಂದು ದಾನಿಗಳೇ ಹೇಳಿದ್ದರು. ಅಲ್ಲದೆ ಪವರ್‌ಹೌಸಿನಲ್ಲಿ ನಾವು ಕಲಿತ ಮೊದಲ ಪಾಠವೇ ಅದು: ಬಿಟ್ಟು ಹೋಗುವ ಯಂತ್ರಕ್ಕೆ ಯಾವ ದಿಕ್ಕಿನಿಂದಲೂ ವಿದ್ಯುತ್ತು ತಾಗಬಾರದು.

ಬಾಯಿ ಭೂತಗನ್ನಡಿಯನ್ನು ಹಣೆಗೇರಿಸಿದರು. ನಾನು ನೋಡಿದ್ದು ಅದೇ ಮೊದಲು.

"ನಿಮ್ಮ ಶಿಸ್ತು ಖರೆ, ನಾಯಕರೆ. ಆದ್ರೆ ಪಾಪ, ಅದ್ಕೆ ರಾತ್ರೆ ಗಂಜಿಯೂ ಇಲ್ದೆ ಬೀಗ ಹಾಕಿದ್ರಿ! ಇಷ್ಟು ದಿನ ಜೀವ ಹಿಡ್ಕಂಡಿತ್ತು ಅಂದ್ರೆ ಒಳಗೆ ಎಲ್ಲೋ ಒಂದು ಮುಷ್ಟಿ ಅಕ್ಕಿ ಇಟ್ಕಂಡದೆ. ಅದೀಗ ಖಾಲಿ ಆಗ್ತಾ ಬಂದದೆ. ಹಾಂಗೆ ಹೇಳಿ ನಾನು ಅಂದ್ಕಂತೇನೆ. ಕಂಡಿಲ್ಲ. ಏಳು ದಿನ ಬರೀರಿ. ನಾಲ್ಕು ರಾತ್ರೆ ನಿಮ್ಮ ಪದ್ಧತಿಲೇ ಬ್ಯಾಟರಿ ತೆಗೀರಿ. ಮೂರು ರಾತ್ರೆ ಹಾಗೇ ಬಿಡಿ. ಮುಚ್ಚಿದ ಹೊತ್ತು, ತೆಗೆದ ಹೊತ್ತು, ಅದು ತೋರ್ಸಿದ ಹೊತ್ತು. ಮೂರೂ ಬರೀರಿ."

ಅಷ್ಟು ಸಾಕಿತ್ತು ನನಗೆ. ಬಸ್ಸಿನಲ್ಲೇ ನೋಟುಪುಸ್ತಕಕ್ಕೆ ಗೆರೆ ಹಾಕಿದೆ.

ಏಳು ದಿನ ಬರೆದೆ. ಬ್ಯಾಟರಿ ಇದ್ದ ಮೂರು ರಾತ್ರಿ ಗಡಿಯಾರ ಒಂದು ನಿಮಿಷವೂ ತಪ್ಪಲಿಲ್ಲ. ತೆಗೆದಿಟ್ಟ ನಾಲ್ಕು ರಾತ್ರಿ, ಲ್ಯಾಪ್‌ಟಾಪ್ ಎಷ್ಟು ಹೊತ್ತು ಮುಚ್ಚಿತ್ತೋ ಅಷ್ಟೇ ಹೊತ್ತು ಹಿಂದೆ ಬಿದ್ದಿತು. ರಾತ್ರಿಯಿಡೀ ಮುಚ್ಚಿದ ಗಳಿಗೆಯಲ್ಲೇ ನಿಂತಿದ್ದು, ಬೆಳಿಗ್ಗೆ ಕರೆಂಟು ಬಂದೊಡನೆ ಏನೂ ಆಗಿಲ್ಲವೆಂಬಂತೆ ಅಲ್ಲಿಂದಲೇ ನಡೆಯಲು ಶುರುಮಾಡುತ್ತಿತ್ತು. ಆ ಅಂಕಿಗಳನ್ನು ನೋಡಿದಾಗ ನನಗಾದ ಸಂತೋಷವನ್ನು ಹೆಂಡತಿಗೆ ವಿವರಿಸಲು ಹೋದೆ. ಅವಳು ಮೀನು ಹುರಿಯುತ್ತಿದ್ದಳು, "ಹೂಂ" ಎಂದಳು.

ಮತ್ತೆ ಅಂಕೋಲೆ. ಬಾಯಿ ಪುಟ ಓದಿದರು, ಎರಡು ಸಲ. ಆಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸಣ್ಣ ತಿರುಪು ಬಿಚ್ಚಿ, ಮುಚ್ಚಳ ಎತ್ತಿದರು. ಒಳಗೆ ನಾಲ್ಕಾಣೆಯಷ್ಟಗಲದ ಬಿಳಿ ಸೆಲ್ಲು, ಅವರು ಹೇಳಿದ್ದ ಆ ಒಂದು ಮುಷ್ಟಿ ಅಕ್ಕಿ. ಮೀಟರು ಹಚ್ಚಿದರು. ಮೂರು ವೋಲ್ಟ್ ತೋರಿಸಬೇಕಾದಲ್ಲಿ ಎರಡೂ ಇಲ್ಲ.

"ಅಯ್ಯೋ, ಇದ್ಯಾ!" ಎಂದು ಮೇಜಿನ ಖಾನೆ ಎಳೆದರು. ಅಲ್ಲಿ ಅದೇ ಅಳತೆಯ ಸೆಲ್ಲುಗಳ ಪಟ್ಟಿಯೇ ಇತ್ತು. "ಇಷ್ಟು ದೊಡ್ಡ ಯಂತ್ರದ ಹೊಟ್ಟೆಲಿ ನನ್ನಂಗ್ಡಿ ಸಾಮಾನೇ ಕೂತದೆ."

"ಹಾಕಿಬಿಡಿ ಬಾಯಿ, ಈಗಲೇ," ಎಂದೆ.

ಅವರು ಹೊಸ ಸೆಲ್ಲನ್ನು ಬೆರಳಲ್ಲಿ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಅದನ್ನು ಖಾನೆಗೆ ಹಾಕಿ, ಹಳೆಯದರ ಮೇಲೆಯೇ ಮುಚ್ಚಳವಿಟ್ಟು, ತಿರುಪು ಬಿಗಿಯತೊಡಗಿದರು.

"ಏನು ಮಾಡುತ್ತಿದ್ದೀರಿ?"

"ನಿಮ್ಗೆ ಗಡಿಯಾರ ಸರಿ ಆಗ್ಬೇಕೋ, ದತ್ತಾನ ಬೋಟು ಬಿಡ್ಬೇಕೋ? ಇವತ್ತು ಸರಿ ಮಾಡಿದ್ರೆ ಆ ಸಾಹೇಬ್ರ ಮುಂದೆ ಸರಿ ಇರೂ ಗಡಿಯಾರ ಇಟ್ಟು, ಹಿಂದೆ ಇದು ತಪ್ಪಿತ್ತು ಅಂಬೂದಾ? ಜ್ವರ ಇಳಿದ ಮೇಲೆ ಡಾಕ್ಟ್ರಿಗೆ ತೋರ್ಸೂಕೆ ಹೋದ ಹಾಂಗೆ. ಈ ಸೆಲ್ಲು ತೆಗೆದಿಡೂದೂ ಬೇಡ. ಸುಮ್ನೆ ಇಟ್ರೆ ಚೂರು ಚೇತರ್ಸ್ಕಂತದೆ, ಆ ದಿನ ನಮ್ಮ ಮರ್ಯಾದೆ ತೆಗೀತದೆ. ಹಾಂಗೇ ಇರ್ಲಿ. ದಿನಾ ಉಪವಾಸ ಹಾಕಿ."

ವಿಚಾರಣೆಗೆ ಇನ್ನೂ ಆರು ದಿನವಿತ್ತು. ತಪ್ಪು ಎಲ್ಲಿದೆ ಎಂದು ಗೊತ್ತಿದ್ದೂ, ಸರಿಪಡಿಸುವ ವಸ್ತು ಕೈಯಳತೆಯಲ್ಲಿದ್ದೂ, ಸರಿಪಡಿಸದೆ ಆರು ದಿನ ಕಳೆದದ್ದು ನನ್ನ ಪಾಲಿನ ಅತಿ ಕಠಿಣ ಶಿಫ್ಟು. ದಿನವೂ ಬೆಳಿಗ್ಗೆ ಆ ಸುಳ್ಳು ಗಂಟೆ ನೋಡಿ, ಅದನ್ನು ಬರೆದುಕೊಂಡು, ಕೈಯಿಂದಲೇ ಸರಿಪಡಿಸಿ ಚೀಟಿ ಕೊಡುತ್ತಿದ್ದೆ. ದತ್ತಾನ ಬೋಟಿನ ಹಗ್ಗಕ್ಕೆ ಆಗಲೇ ಪಾಚಿ ಹತ್ತಿತ್ತು. ಕಾರಣ ತಿಳಿಸಿದಾಗ ಅವನು ತಲೆ ಕೆರೆದುಕೊಂಡ. "ಅಂದ್ರೆ ನಿಮ್ಮ ಗಡಿಯಾರ ಆ ದಿನ ಹಾಳೇ ಇರ್ಲಿ ಹೇಳಿ ನಾನು ದೇವ್ರಿಗೆ ಹರಕೆ ಹೊರ್ಬೇಕಾ, ಸರ್?"

"ಹೊರಬೇಕು," ಎಂದೆ.

ವಿಚಾರಣೆಯ ದಿನ ಸಂಘದ ಕೋಣೆ ತುಂಬಿತ್ತು. ಬಾಗಿಲಲ್ಲಿ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ ಜನ. ಶೇವಂತಿಬಾಯಿ ಅಂಕೋಲೆಯಿಂದ ಬಸ್ಸಿನಲ್ಲಿ ಟೈಂಪೀಸನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ಬಂದವರೇ ಮೇಜಿನ ಮೇಲಿಟ್ಟು, ಅಧಿಕಾರಿಯ ಕೈಗಡಿಯಾರದ ಜತೆ ಹೋಲಿಸಿ, "ನಿಮ್ದು ಒಂದೂವರೆ ನಿಮಿಷ ಹಿಂದದೆ, ಸಾಹೇಬ್ರೆ" ಎಂದರು. ಜನ ನಕ್ಕರು. ಅಧಿಕಾರಿಯೂ ನಕ್ಕು ತಿದ್ದಿಕೊಂಡರು.

ಉಲ್ಲಾಸ ಎದ್ದು ನಿಂತ. "ಇದೆಂತ ಸರ್ಕಸ್ಸು? ಗಡಿಯಾರದಂಗ್ಡಿ ಬಾಯಿಗೆ ಕಂಪ್ಯೂಟರಿಂದು ಎಂತ ಗೊತ್ತು?"

"ಕಂಪ್ಯೂಟರಿಂದು ನಂಗೆ ಏನೂ ಗೊತ್ತಿಲ್ಲ, ತಮ್ಮಾ," ಎಂದರು ಬಾಯಿ. "ಹೊತ್ತಿಂದು ಸ್ವಲ್ಪ ಗೊತ್ತದೆ. ಕೂತ್ಕೋ."

ಅಧಿಕಾರಿಯ ಕೈಯಿಂದಲೇ ಲ್ಯಾಪ್‌ಟಾಪಿನ ಹೊತ್ತನ್ನು ಟೈಂಪೀಸಿಗೆ ಸರಿಹೊಂದಿಸಲಾಯಿತು. ಹತ್ತೂವರೆಗೆ ಮುಚ್ಚಿದೆ. ಬ್ಯಾಟರಿ ಕಳಚಿ ಅವರ ಕೈಗಿತ್ತೆ. ಅವರು ಲ್ಯಾಪ್‌ಟಾಪನ್ನು ಹಾಳೆಯಲ್ಲಿ ಸುತ್ತಿ, ಅಂಟಿಸಿ, ಮೇಲೆ ಸಹಿ ಹಾಕಿ, ತಮ್ಮ ಕುರ್ಚಿಯ ಕೆಳಗಿಟ್ಟುಕೊಂಡರು. ಒಂದು ಗಂಟೆ ಕಾಯಬೇಕಿತ್ತು.

ಆ ಹೊತ್ತಿನಲ್ಲಿ ಅಧಿಕಾರಿ ನನ್ನ ನೋಟುಪುಸ್ತಕ ನೋಡಿ, ಹಾಜರಿ ಪುಸ್ತಕ ತೆಗೆದರು. ನಿಷೇಧದ ಕೊನೆಯ ಸಂಜೆ ನಾನು ಏಳು ನಲವತ್ತಕ್ಕೆ ಮುಚ್ಚಿದ್ದೆ. ಮರುದಿನ ಬೆಳಗಿನ ಜಾವ ನಾಲ್ಕು ಮೂವತ್ತೈದಕ್ಕೆ ತೆರೆದಿದ್ದೆ. ನಡುವೆ ಎಂಟು ಗಂಟೆ ಐವತ್ತೈದು ನಿಮಿಷ. ದತ್ತಾನ ಚೀಟಿಯ ಏಳು ಐವತ್ತೊಂದಕ್ಕೆ ಅಷ್ಟನ್ನು ಕೂಡಿಸಿದರೆ ಬೆಳಗಿನ ನಾಲ್ಕು ನಲವತ್ತಾರು. ಸರಿಪಡಿಸಿದ ಮೇಲೆ ಕೊಟ್ಟ ಎರಡನೆಯ ಚೀಟಿ ನಾಲ್ಕು ಐವತ್ತೆರಡರದ್ದು. ಅಧಿಕಾರಿ ತಾವೇ ಕೂಡಿಸಿ, ಇನ್ನೊಮ್ಮೆ ಕೂಡಿಸಿ, ಪೆನ್ನು ಕೆಳಗಿಟ್ಟರು.

"ಲೆಕ್ಕ ಸರಿ ಬರುತ್ತದೆ. ಆದರೆ ಪುಸ್ತಕ ನಿಮ್ಮದೇ. ಯಂತ್ರ ಏನು ಹೇಳುತ್ತದೋ ನೋಡೋಣ."

ಹನ್ನೊಂದೂವರೆ. ಹಾಳೆ ಹರಿದರು. ಬ್ಯಾಟರಿ ಹಾಕಿದೆ. ಗುಂಡಿ ಒತ್ತಿದೆ. ಆ ಲ್ಯಾಪ್‌ಟಾಪಿಗೆ ಎಚ್ಚರವಾಗಲು ಮೂರು ನಿಮಿಷ ಬೇಕಾಗುತ್ತಿತ್ತು. ಇಂದೊಂದು ದಿನ ಆ ಸೆಲ್ಲಿಗೆ ಜೀವ ಬಂದುಬಿಟ್ಟರೆ? ದತ್ತಾ ಕಣ್ಣು ಮುಚ್ಚಿದ್ದ. ಟೈಂಪೀಸು ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು.

ಪರದೆ ಬೆಳಗಿತು. ಮೂಲೆಯಲ್ಲಿ ಹೊತ್ತು ಮೂಡಿತು. ಅಧಿಕಾರಿ ಬಗ್ಗಿ, ಗಟ್ಟಿಯಾಗಿ ಓದಿದರು: "ಹತ್ತು ಮೂವತ್ತಮೂರು."

ಟೈಂಪೀಸು ಹನ್ನೊಂದು ಮೂವತ್ತಮೂರು ತೋರಿಸುತ್ತಿತ್ತು.

ಹೊರಗಿನವರಿಗೆ ಕೇಳಿಸಲಿಲ್ಲವೆಂದು ಕಿಟಕಿಯಲ್ಲಿದ್ದವನೊಬ್ಬ ಕೂಗಿ ಹೇಳಿದ. ದಕ್ಕೆಯಿಂದ ಎದ್ದ ಗದ್ದಲಕ್ಕೆ ಕಾಗೆಗಳು ಹಾರಿದವು. ಒಂದು ಗಡಿಯಾರ ತಪ್ಪು ತೋರಿಸಿದ್ದಕ್ಕೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಅದಕ್ಕೂ ಮೊದಲು, ಆಮೇಲೂ ಕಂಡಿಲ್ಲ.

ಉಲ್ಲಾಸ ಸೋಲಲಿಲ್ಲ. "ಗಡಿಯಾರ ಹಾಳು, ಒಪ್ಪಿದೆ. ಆದ್ರೆ ಆ ಸಂಜೆ ಅವ್ನ ಬೋಟು ಅದ್ರ ಜಾಗದಲ್ಲಿ ಇರ್ಲಿಲ್ಲ. ಕಡಲಿಗೆ ಹೋಗಿತ್ತು!"

ಬಾಯಿ ಅವನತ್ತ ತಿರುಗಿದರು. ಭೂತಗನ್ನಡಿ ಆಗ ಕಣ್ಣಿನ ಮೇಲೇ ಇತ್ತು.

"ಕಂಡದ್ದೋ, ತಮ್ಮಾ, ಅಂದ್ಕಂಡದ್ದೋ?"

"ಜಾಗ ಖಾಲಿ ಇದ್ದದ್ದು ನಾನೇ ಕಂಡದ್ದು!"

"ಹೌದು. ಬೋಟು ಕಡಲಿಗೆ ಹೋದದ್ದು?"

ಹಿಂದಿನಿಂದ ಯಾರೋ, "ಐಸ್ ತುಂಬೂಕೆ ಆಚೆ ದಕ್ಕೆಗೆ ತಂದಿದ್ದ ಮಾರಾಯಾ, ನಾನೇ ಹಗ್ಗ ಹಿಡ್ದಿದ್ದೆ" ಎಂದರು. ಉಲ್ಲಾಸ ಕೊನೆಗೆ ನೆಲ ನೋಡುತ್ತ, "ಅಂದ್ಕಂಡದ್ದು" ಎಂದ. ಒಪ್ಪಿಕೊಂಡದ್ದಕ್ಕೆ ಅವನಿಗೂ ಎರಡು ಚಪ್ಪಾಳೆ ಬಿದ್ದವು.

ಹೊಸ ಸೆಲ್ಲನ್ನು ಅಧಿಕಾರಿಯ ಎದುರೇ ಹಾಕಿ ಶೇವಂತಿಬಾಯಿ ಇನ್ನೊಂದು ಗಂಟೆ ಕಾಯಿಸಿದರು. ಈ ಸಲ ಲ್ಯಾಪ್‌ಟಾಪೂ ಟೈಂಪೀಸೂ ಒಂದೇ ಮಾತು ಹೇಳಿದವು. ಅಧಿಕಾರಿ ಅಲ್ಲೇ ಕುಳಿತು ಬೋಟು ಬಿಡುವ ಆದೇಶ ಬರೆದರು. ಕೊನೆಯಲ್ಲಿ ನನ್ನತ್ತ ಪುಸ್ತಕ ಸರಿಸಿ, "ನಿಮ್ಮದೂ ಒಂದು ಷರಾ ಬಾಕಿಯಿದೆ" ಎಂದರು. ಮೂರು ವಾರಕ್ಕೂ ಹೆಚ್ಚು ತಡವಾಗಿ ಅದನ್ನು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ನನ್ನ ಕೈ ಹಗುರಾಯಿತು.

ಆ ಮಧ್ಯಾಹ್ನವೇ ದತ್ತಾ ಹಗ್ಗ ಬಿಚ್ಚಿದ. ಮಾರನೆಯ ದಿನ ಮರಳಿದಾಗ ಅತಿ ದೊಡ್ಡ ಇಸೋಣ ಮೀನನ್ನು ಬಾಳೆಲೆಯಲ್ಲಿ ಸುತ್ತಿ, ಅಂಕೋಲೆ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, "ಗಡಿಯಾರದಂಗ್ಡಿ ಅಕ್ಕನಿಗೆ ಮುಟ್ಸು. ಹೊತ್ತು ಮೀರಿಸ್ಬೇಡ, ಅವ್ಳು ನೋಡ್ತಾಳೆ" ಎಂದನಂತೆ. ಬಾಯಿ ಕಿವಿರೆತ್ತಿ ನೋಡಿ, "ಇವತ್ತಿಂದೇ" ಎಂದು ಒಪ್ಪಿಕೊಂಡರೆಂದು ಕಂಡಕ್ಟರನ ವರದಿ.

ನಾನು ಬ್ಯಾಟರಿ ಕಳಚುವುದನ್ನು ಬಿಟ್ಟೆ. ಅದು ಸುಲಭವಾಗಿರಲಿಲ್ಲ, ಎಷ್ಟೋ ಸಂಜೆ ಕೈ ತಾನಾಗಿ ಅದರ ಅಡಿಗೆ ಹೋಗುತ್ತಿತ್ತು. "ಗಂಜಿ" ಎಂದು ಹೇಳಿಕೊಂಡು ಹಿಂತೆಗೆಯುತ್ತಿದ್ದೆ.

ಮೂರ್ನಾಲ್ಕು ವರ್ಷದ ಮೇಲೆ ಶೇವಂತಿಬಾಯಿಯವರನ್ನು ಕೊನೆಯ ಬಾರಿ ಕಂಡದ್ದು. ಅಂಗಡಿಯಲ್ಲಿ ಗಡಿಯಾರಗಳನ್ನು ಒಂದೊಂದಾಗಿ ಗಿರಾಕಿಗಳ ಹೆಸರು ನೋಡಿ ಕಾಗದದಲ್ಲಿ ಸುತ್ತುತ್ತಿದ್ದರು. ಬಲಗಣ್ಣು ಮಬ್ಬಾಗಿತ್ತು. ಮುಡಿಯಲ್ಲಿ ದಂಡೆ ಇತ್ತು. ಭೂತಗನ್ನಡಿ ಮೇಜಿನ ಮೇಲಿತ್ತು.

"ಕಾಣೂದು ಕಮ್ಮಿ ಆತು, ನಾಯಕರೆ. ಅಂದ್ಕಂಡು ರಿಪೇರಿ ಮಾಡೂದು ನನ್ನಿಂದ ಆಗೂದಿಲ್ಲ. ಅದ್ಕೇ ಅಂಗ್ಡಿ ಮುಚ್ತೇನೆ." ದುಃಖದ ದನಿಯಲ್ಲ, ಶಿಫ್ಟು ಮುಗಿಸಿ ಪುಸ್ತಕ ಒಪ್ಪಿಸುವವರ ದನಿ. ಟೈಂಪೀಸನ್ನು ಅದೇ ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತರು. "ಬೈತಖೋಲದಲ್ಲಿ ಇಡಿ. ದಿನಾ ಬೆಳಿಗ್ಗೆ ಕೀಲಿ, ದಿನಾ ರೇಡಿಯೋ. ಉಪವಾಸ ಹಾಕ್ಬೇಡಿ, ಮತ್ತೆ!"

ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಹೋದರೆಂದು ತಿಳಿಯಿತು.

ಲ್ಯಾಪ್‌ಟಾಪ್ ಎಂದೋ ಗುಜರಿಗೆ ಹೋಯಿತು. ಈಗಿನ ಯಂತ್ರಗಳು ಹೊತ್ತನ್ನು ಆಕಾಶದಿಂದಲೇ ತರಿಸಿಕೊಳ್ಳುತ್ತವೆ. ಆದರೂ ನಿಷೇಧ ಮುಗಿದ ಬೆಳಗಿನ ಜಾವ ನಾನು ಪ್ರತಿ ವರ್ಷ ಬೈತಖೋಲಕ್ಕೆ ಹೋಗುತ್ತೇನೆ. ಮೊದಲ ಬೋಟಿನ ಚೀಟಿಯನ್ನು ಅಲ್ಲಿ ಇಂದಿಗೂ ಕೈಯಿಂದಲೇ ಬರೆಯುವುದು. ಅದು ಈಗ ಸಂಘದ ಪದ್ಧತಿ. ಕಿಟಕಿಯ ಹೊರಗೆ ಮಳೆ, ಇಂಜಿನ್ನುಗಳ ಸದ್ದು. ಎಷ್ಟೇ ಕೈಗಳು ಚಾಚಲಿ, ಯಾರೂ ಅವಸರ ಮಾಡುವುದಿಲ್ಲ.

"ಅಕ್ಕನ ಗಡಿಯಾರ ಎಷ್ಟು ಹೇಳ್ತದೆ, ಸರ್?" ಎಂದು ದತ್ತಾ ಕೇಳುತ್ತಾನೆ. ಅವನ ಕೂದಲೂ ನೆರೆತಿದೆ.

ನಾನು ಹಸಿರು ಟೈಂಪೀಸಿನ ಮುಳ್ಳು ನೋಡಿ ಗಂಟೆ ನಿಮಿಷ ಬರೆಯುತ್ತೇನೆ. ಆಮೇಲೆ ಷರಾ ಕಾಲಂನಲ್ಲಿ, ಪ್ರತಿ ವರ್ಷವೂ ಅದೇ ಮಾತು: ಗಡಿಯಾರ ಸರಿ ಇದೆ. ಕಂಡದ್ದು.